ಬಾಯಿಯಿಲ್ಲದ ಹುಳು ಉಣ್ಣುವುದು ಹೇಗೆ? ಕಡಲಾಳದ ಬಿಸಿ ಬುಗ್ಗೆಗಳಲ್ಲಿ ಪ್ರಾಣಿ-ಬ್ಯಾಕ್ಟೀರಿಯಾ ಸಹಜೀವನ

ಅದಿರಿನ ಬಗ್ಗೆ ಬಳ್ಳಾರಿ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಸಂಡೂರಿನ ಗುಡ್ಡಗಳು, ರಸ್ತೆಬದಿಯ ಮರಗಳ ಎಲೆ ಮೇಲೆ ಕೂತ ಕೆಂಪು ಧೂಳು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ತಡೆದಾಗ ಸಾಲಾಗಿ ನಿಂತುಬಿಟ್ಟ ಲಾರಿಗಳು, ಇವೆಲ್ಲ ಇಲ್ಲಿನವರು ಕಣ್ಣಾರೆ ಕಂಡದ್ದು. ಹೀಗಿರುವಾಗ ಭಾರತ ಸಮುದ್ರದ ತಳದಲ್ಲೂ ಅದಿರು ಹುಡುಕುತ್ತಿದೆ ಎಂಬ ಸುದ್ದಿ ಬಂದರೆ ಈ ಭಾಗದವರ ಕಿವಿ ನೆಟ್ಟಗಾಗುವುದು ಸಹಜ. 2016ರ ಸೆಪ್ಟೆಂಬರ್‌ನಲ್ಲಿ ಭಾರತವು ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಡನೆ ಒಪ್ಪಂದ ಮಾಡಿಕೊಂಡು, ಹಿಂದೂ ಮಹಾಸಾಗರದ ಮಧ್ಯ ಮತ್ತು ನೈಋತ್ಯ ಪರ್ವತಶ್ರೇಣಿಗಳಲ್ಲಿ 10,000 ಚದರ ಕಿಲೋಮೀಟರ್ ಜಾಗದಲ್ಲಿ ಹುಡುಕುವ ಹಕ್ಕು ಪಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಸಾಗರದ ವಾಯವ್ಯದಲ್ಲಿರುವ ಕಾರ್ಲ್ಸ್‌ಬರ್ಗ್ ಶ್ರೇಣಿಯಲ್ಲಿ ಇನ್ನೊಂದು 10,000 ಚದರ ಕಿಲೋಮೀಟರ್ ಸಿಕ್ಕಿತು. ಎರಡೂ ಪರಿಶೋಧನೆಗೆ ಮಾತ್ರ ಸಿಕ್ಕ ಅನುಮತಿ. ಅಗೆದು ತೆಗೆಯಲು ಅಲ್ಲ.

ಹುಡುಕುತ್ತಿರುವ ವಸ್ತುವಿಗೆ ಬಹುಲೋಹ ಸಲ್ಫೈಡ್ ಎಂದು ಹೆಸರು. ತಾಮ್ರ, ಸತು, ಕಬ್ಬಿಣ, ಜೊತೆಗೆ ಸ್ವಲ್ಪ ಚಿನ್ನ ಮತ್ತು ಬೆಳ್ಳಿ ಗಂಧಕದೊಡನೆ ಬೆರೆತು ಗಟ್ಟಿಯಾದ ಕಲ್ಲು ಅದು. ಅದು ರೂಪುಗೊಳ್ಳುವುದು ಕಡಲತಳದ ಬಿಸಿನೀರಿನ ಬುಗ್ಗೆಗಳ ಸುತ್ತ. ಅದೇ ಬುಗ್ಗೆಗಳ ಸುತ್ತ, ಕಡುಗತ್ತಲೆಯಲ್ಲಿ, ಬಾಯಿ ಹೊಟ್ಟೆ ಎರಡೂ ಇಲ್ಲದ ಪ್ರಾಣಿಗಳು ಕಿಕ್ಕಿರಿದು ಬದುಕುತ್ತವೆ. ಲೋಹದ ಸುದ್ದಿಯಲ್ಲಿ ಈ ಪ್ರಾಣಿಗಳ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅವು ಬದುಕುವ ಬಗೆ ಮಾತ್ರ ಒಂದು ಸಾಲಿಗೆ ಒಗ್ಗುವಂಥದ್ದಲ್ಲ.

ಬುಗ್ಗೆ ಹುಟ್ಟುವ ಬಗೆ

ಭೂಮಿಯ ಹೊರಪದರ ಒಂದೇ ತುಂಡಲ್ಲ, ಹಲವು ಫಲಕಗಳಾಗಿ ಒಡೆದಿದೆ. ಸಾಗರದ ನಡುವೆ ಎರಡು ಫಲಕಗಳು ಒಂದರಿಂದ ಒಂದು ದೂರ ಸರಿಯುವ ಕಡೆ ಕೆಳಗಿನ ಶಿಲಾರಸ ಮೇಲಕ್ಕೆ ಬಂದು ಹೊಸ ನೆಲವಾಗುತ್ತದೆ. ಹೀಗೆ ಎದ್ದ ಪರ್ವತಶ್ರೇಣಿ ಎಲ್ಲ ಸಾಗರಗಳಲ್ಲೂ ಹಾದು ಸುಮಾರು 65,000 ಕಿಲೋಮೀಟರ್ ಉದ್ದವಿದೆ. ಕಾರ್ಲ್ಸ್‌ಬರ್ಗ್ ಶ್ರೇಣಿ ಅದರದೇ ಒಂದು ಭಾಗ.

ಈ ಹೊಸ ನೆಲದ ತುಂಬ ಬಿರುಕುಗಳು. ಸಮುದ್ರದ ತಣ್ಣೀರು ಅವುಗಳೊಳಗೆ ಇಳಿದು, ಶಿಲಾರಸದ ಸಮೀಪ ಕಾದು, ಬಂಡೆಯೊಡನೆ ರಾಸಾಯನಿಕ ವ್ಯವಹಾರ ನಡೆಸುತ್ತದೆ. ಇಳಿಯುವಾಗ ಅದರಲ್ಲಿದ್ದ ಆಮ್ಲಜನಕ ಹೋಗಿ, ಕರಗಿದ ಲೋಹಗಳು ಮತ್ತು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಸೇರಿಕೊಳ್ಳುತ್ತವೆ. ಕೊಳೆತ ಮೊಟ್ಟೆಯ ನಾತಕ್ಕೆ ಕಾರಣವಾದ ಅನಿಲವೇ ಇದು. ಮತ್ತೆ ಮೇಲಕ್ಕೆ ನುಗ್ಗುವಾಗ ಆ ನೀರಿನ ಶಾಖ 350 ಡಿಗ್ರಿ ಸೆಲ್ಸಿಯಸ್ ದಾಟಿರುವುದೂ ಉಂಟು. ಆದರೂ ಅದು ಕುದಿಯುವುದಿಲ್ಲ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 2,500 ಮೀಟರ್ ಆಳದಲ್ಲಿ ಅದು 250 ಪಟ್ಟು. ಅಷ್ಟು ಒತ್ತಡ ನೀರನ್ನು ಆವಿಯಾಗಲು ಬಿಡದು.

ಹೊರಗೆ ಕಾದಿರುವುದು ಸುಮಾರು 2 ಡಿಗ್ರಿಯ ತಣ್ಣೀರು. ಎರಡೂ ಸೇರಿದ ಕ್ಷಣವೇ ಲೋಹದ ಸಲ್ಫೈಡ್‌ಗಳು ಕಪ್ಪು ಹುಡಿಯಾಗಿ ಹೊಮ್ಮುತ್ತವೆ. ಇವನ್ನು ‘ಕಪ್ಪು ಧೂಮನಾಳ’ ಎನ್ನುತ್ತಾರಾದರೂ ಅಲ್ಲಿರುವುದು ಹೊಗೆಯಲ್ಲ, ಅದಿರಿನ ಪುಡಿ. ಅದು ಕೂತು ಕೂತು ಗೋಪುರದಂತೆ ಬೆಳೆಯುತ್ತದೆ.

ಜೀವಶಾಸ್ತ್ರಜ್ಞರಿಲ್ಲದ ಹಡಗು

1977ರ ಫೆಬ್ರವರಿಯಲ್ಲಿ ಅಮೆರಿಕದ ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ಗಾಮಿ ಶಾಂತ ಸಾಗರದ ಗಲಾಪಗೋಸ್ ದ್ವೀಪಗಳ ಬಳಿ ಸುಮಾರು 2,500 ಮೀಟರ್ ಆಳಕ್ಕೆ ಇಳಿಯಿತು. ಬಿಸಿ ಬುಗ್ಗೆಗಳು ಇರಬೇಕೆಂಬ ಊಹೆ ಇತ್ತು, ಅವು ಸಿಕ್ಕವು. ಯಾರೂ ಊಹಿಸದಿದ್ದದ್ದು ಅವುಗಳ ಸುತ್ತ ಕಂಡ ಜೀವರಾಶಿ: ಗೇಣುದ್ದದ ಕಪ್ಪೆಚಿಪ್ಪುಗಳು, ಏಡಿಗಳು, ಬಿಳಿಯ ಕೊಳವೆಗಳಿಂದ ಕೆಂಪು ಗರಿ ಹೊರಚಾಚಿದ ಹುಳುಗಳು. ಯಾನಕ್ಕೆ ಹೋದವರೆಲ್ಲ ಭೂವಿಜ್ಞಾನ, ರಸಾಯನವಿಜ್ಞಾನದ ಮಂದಿ. ಜೀವಶಾಸ್ತ್ರಜ್ಞರು ಒಬ್ಬರೂ ಇರಲಿಲ್ಲ. ಪ್ರಾಣಿಗಳನ್ನು ಕೆಡದಂತೆ ಇಡಲು ಬೇಕಾದಷ್ಟು ಫಾರ್ಮಾಲಿನ್ ಕೂಡ ಇಲ್ಲದೆ, ಪನಾಮಾದಲ್ಲಿ ಕೊಂಡಿದ್ದ ರಷ್ಯನ್ ವೋಡ್ಕಾದಲ್ಲಿ ಕೆಲವನ್ನು ಮುಳುಗಿಸಿ ತಂದರು. ಇಪ್ಪತ್ತನೆಯ ಶತಮಾನದ ದೊಡ್ಡ ಜೀವವಿಜ್ಞಾನ ಶೋಧವೊಂದು ದಡ ಸೇರಿದ್ದು ಹೀಗೆ.

ಪ್ರಶ್ನೆ ಎದ್ದದ್ದು ಆಮೇಲೆ. ಸಮುದ್ರದಲ್ಲಿ 1,000 ಮೀಟರ್ ಕೆಳಗೆ ಸೂರ್ಯನ ಬೆಳಕು ತಲುಪುವುದೇ ಇಲ್ಲ. ಬೆಳಕಿಲ್ಲದಿದ್ದರೆ ಗಿಡವಿಲ್ಲ, ಪಾಚಿಯಿಲ್ಲ. ಮೇಲಿನಿಂದ ಉದುರುವ ಸತ್ತ ಜೀವಿಗಳ ಚೂರುಪಾರು ಕೆಲವೇ ಪ್ರಾಣಿಗಳಿಗೆ ಸಾಕಾದೀತು. ಇಷ್ಟೊಂದು ಪ್ರಾಣಿಗಳಿಗೆ ಅನ್ನ ಎಲ್ಲಿಂದ?

ಬೆಳಕಿಲ್ಲದೆ ಅನ್ನ

ಉತ್ತರದ ಅರ್ಧ ಭಾಗ ಆಗಲೇ ಗೊತ್ತಿತ್ತು. 1880ರ ದಶಕದಲ್ಲೇ ರಷ್ಯಾದ ಸರ್ಗೇಯ್ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ಪಡೆಯುತ್ತವೆಂದು ತೋರಿಸಿದ್ದರು. ಗಿಡಗಳು ಬೆಳಕಿನ ಶಕ್ತಿಯಿಂದ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುವ ಕ್ರಿಯೆ ದ್ಯುತಿಸಂಶ್ಲೇಷಣೆ. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಈ ಬ್ಯಾಕ್ಟೀರಿಯಾಗಳು ಅದೇ ಕೆಲಸಕ್ಕೆ ಬೆಳಕಿನ ಬದಲು ಹೈಡ್ರೋಜನ್ ಸಲ್ಫೈಡ್ (ಮುಂದೆ ಬರೀ ಸಲ್ಫೈಡ್) ಮತ್ತು ಆಮ್ಲಜನಕದ ನಡುವಿನ ರಾಸಾಯನಿಕ ಕ್ರಿಯೆಯಿಂದ ಬರುವ ಶಕ್ತಿಯನ್ನು ಬಳಸುತ್ತವೆ. ಇದಕ್ಕೆ ರಾಸಾಯನಿಕ ಸಂಶ್ಲೇಷಣೆ ಎಂದು ಹೆಸರು.

ಇಲ್ಲೊಂದು ಮಾತು. ಬುಗ್ಗೆಯ ಜೀವಿಗಳಿಗೆ ಸೂರ್ಯನ ಹಂಗೇ ಇಲ್ಲ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಅದು ಪೂರ್ತಿ ಸರಿಯಲ್ಲ. ಸಲ್ಫೈಡನ್ನು ಉರಿಸಲು ಬೇಕಾದ ಆಮ್ಲಜನಕ ಬಂದದ್ದು ಮೇಲ್ಮೈಯ ಪಾಚಿ ಮತ್ತು ಗಿಡಗಳ ದ್ಯುತಿಸಂಶ್ಲೇಷಣೆಯಿಂದಲೇ. ಆಹಾರಕ್ಕೆ ಬೆಳಕು ಬೇಡ, ಆಮ್ಲಜನಕಕ್ಕೆ ಬೇಕು.

ಮುಖ್ಯ ತೊಡಕು: ಬೇಕಾದ ಎರಡೂ ಒಂದೆಡೆ ಇಲ್ಲ

ಬ್ಯಾಕ್ಟೀರಿಯಾಕ್ಕೆ ಸಲ್ಫೈಡ್ ಬೇಕು, ಆಮ್ಲಜನಕವೂ ಬೇಕು. ಸಲ್ಫೈಡ್ ಇರುವುದು ಬುಗ್ಗೆಯಿಂದ ಬರುವ ಬಿಸಿನೀರಿನಲ್ಲಿ, ಅಲ್ಲಿ ಆಮ್ಲಜನಕವಿಲ್ಲ. ಆಮ್ಲಜನಕ ಇರುವುದು ಸುತ್ತಲಿನ ತಣ್ಣೀರಿನಲ್ಲಿ. ಅಲ್ಲಿ ಸಲ್ಫೈಡ್ ಇಲ್ಲ. ಎರಡು ನೀರು ಬೆರೆಯುವ ತೆಳುವಾದ ಪಟ್ಟಿಯಲ್ಲಿ ಎರಡೂ ಸ್ವಲ್ಪ ಹೊತ್ತು ಸಿಗುತ್ತವೆ. ಆದರೆ ಆ ಪಟ್ಟಿ ನಿಂತಲ್ಲಿ ನಿಲ್ಲುವುದಿಲ್ಲ, ಸುಳಿಯೊಡನೆ ಕ್ಷಣಕ್ಷಣಕ್ಕೂ ಜಾಗ ಬದಲಿಸುತ್ತದೆ. ಅಷ್ಟೇ ಅಲ್ಲ, ಬಿಟ್ಟರೆ ಸಲ್ಫೈಡ್ ಮತ್ತು ಆಮ್ಲಜನಕ ತಮ್ಮಷ್ಟಕ್ಕೆ ತಾವೇ ಕೂಡಿಕೊಂಡು ಶಕ್ತಿ ಯಾರಿಗೂ ದಕ್ಕದೆ ಹೋಗುತ್ತದೆ.

ಒಂಟಿ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣದಷ್ಟು ಸಣ್ಣದು. ಒಂದು ಕಾಲು ಬಿಸಿನೀರಿನಲ್ಲಿ, ಇನ್ನೊಂದು ತಣ್ಣೀರಿನಲ್ಲಿ ಇಟ್ಟು ನಿಲ್ಲುವುದು ಅದರಿಂದಾಗದು. ದೊಡ್ಡ ದೇಹವುಳ್ಳ ಪ್ರಾಣಿಗೆ ಅದು ಸಾಧ್ಯ. ಸಹಜೀವನದ ಗುಟ್ಟು ಇಲ್ಲಿದೆ: ಪ್ರಾಣಿ ಎರಡು ನೀರಿನಿಂದ ಎರಡು ವಸ್ತು ತಂದು ಒಂದೆಡೆ ಸೇರಿಸುತ್ತದೆ, ಬ್ಯಾಕ್ಟೀರಿಯಾ ಅವುಗಳಿಂದ ಆಹಾರ ಮಾಡುತ್ತದೆ. ಬುಗ್ಗೆಯ ಬೇರೆ ಬೇರೆ ಪ್ರಾಣಿಗಳ ವಿಚಿತ್ರ ಅಂಗರಚನೆಯನ್ನೆಲ್ಲ ಈ ಒಂದು ತೊಡಕಿಗೆ ಹುಡುಕಿಕೊಂಡ ಬೇರೆ ಬೇರೆ ಪರಿಹಾರಗಳೆಂದು ಓದಿಕೊಂಡರೆ ಗೊಂದಲವಾಗುವುದಿಲ್ಲ.

ಕೊಳವೆ ಹುಳುವಿನ ಒಳಗೆ

ಗಲಾಪಗೋಸ್ ಬಳಿ ಕಂಡ ಹುಳುವಿಗೆ ರಿಫ್ಟಿಯಾ ಪ್ಯಾಕಿಪ್ಟಿಲಾ ಎಂದು ಹೆಸರಿಟ್ಟವರು ಸ್ಮಿತ್ಸೋನಿಯನ್ ಸಂಸ್ಥೆಯ ಮೆರೆಡಿತ್ ಜೋನ್ಸ್. ಹುಳು ಎಂದ ಕೂಡಲೇ ಎರೆಹುಳುವಿನ ಗಾತ್ರ ಕಣ್ಣಿಗೆ ಬರಬಾರದು. ಇದರ ಕೊಳವೆ ಎರಡು ಮೀಟರ್ ಮೀರಿ ಬೆಳೆಯಬಲ್ಲದು. ಬೆಳೆದ ಹುಳುವಿಗೆ ಬಾಯಿ ಇಲ್ಲ, ಕರುಳಿಲ್ಲ, ಗುದದ್ವಾರವಿಲ್ಲ. ಒಳಗೆ ಬಹುಪಾಲು ಜಾಗವನ್ನು ಕಂದು ಬಣ್ಣದ ಸ್ಪಂಜಿನಂಥ ಅಂಗಾಂಶ ತುಂಬಿಕೊಂಡಿದೆ.

1980ರಲ್ಲಿ ಜೋನ್ಸ್ ಹಾರ್ವರ್ಡ್‌ನಲ್ಲಿ ಉಪನ್ಯಾಸ ಕೊಡುತ್ತಾ, ಆ ಅಂಗಾಂಶದಲ್ಲಿ ಗಂಧಕದ ಹರಳುಗಳು ಸಿಕ್ಕಿವೆ ಎಂದರು. ಸಭೆಯಲ್ಲಿದ್ದ ಕಾಲೀನ್ ಕ್ಯಾವನಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಎದ್ದುನಿಂತು, ಹಾಗಾದರೆ ಅದರೊಳಗೆ ಗಂಧಕ ಬಳಸುವ ಬ್ಯಾಕ್ಟೀರಿಯಾ ಇರಲೇಬೇಕು ಎಂದರು. ಮರುವರ್ಷ, 1981ರಲ್ಲಿ, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಮುಂದಿಟ್ಟು ಪ್ರಕಟಿಸಿದರು: ಒಂದು ಗ್ರಾಂ ಅಂಗಾಂಶದಲ್ಲಿ ನೂರಾರು ಕೋಟಿ ಬ್ಯಾಕ್ಟೀರಿಯಾ. ಅದೇ ವರ್ಷ ಹೋರ್ಸ್ಟ್ ಫೆಲ್ಬೆಕ್ ಎಂಬ ವಿಜ್ಞಾನಿ, ಹಸಿರೆಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವಗಳೇ ಈ ಹುಳುವಿನ ಅಂಗಾಂಶದಲ್ಲೂ ಇವೆ ಎಂದು ತೋರಿಸಿದರು. ಪ್ರಾಣಿಯೊಂದರ ದೇಹದೊಳಗೆ ಎಲೆಯ ಕಿಣ್ವ! ಅದು ಪ್ರಾಣಿಯದಲ್ಲ, ಒಳಗಿನ ಬ್ಯಾಕ್ಟೀರಿಯಾದ್ದು.

ಇನ್ನು ಸಾಗಾಣಿಕೆ. ಹುಳುವಿನ ತುದಿಯ ಕೆಂಪು ಗರಿ ಅದರ ಕಿವಿರು. ಅದು ಎರಡು ನೀರು ಬೆರೆಯುವ ಜಾಗದಲ್ಲಿ ಚಾಚಿಕೊಂಡು ಆಮ್ಲಜನಕ, ಸಲ್ಫೈಡ್, ಇಂಗಾಲದ ಡೈಆಕ್ಸೈಡ್ ಮೂರನ್ನೂ ಹೀರುತ್ತದೆ. ಕೆಂಪು ಬಣ್ಣ ಹಿಮೋಗ್ಲೋಬಿನ್‌ನದು, ನಮ್ಮ ರಕ್ತಕ್ಕೂ ಬಣ್ಣ ಕೊಡುವ ಪ್ರೋಟೀನ್. ಆದರೆ ಹುಳುವಿನದು ನಮ್ಮದಕ್ಕಿಂತ ಸುಮಾರು ಐವತ್ತು ಪಟ್ಟು ದೊಡ್ಡದು, ಅದರ ಕೆಲಸವೂ ಹೆಚ್ಚು.

ಸಲ್ಫೈಡ್ ನಮಗೆ ವಿಷ. ಮುಚ್ಚಿದ ಒಳಚರಂಡಿ ಗುಂಡಿಗೆ ಇಳಿದವರು ಮೇಲೆ ಬರದೆ ಹೋಗುವುದಕ್ಕೆ ಇದೇ ಅನಿಲ ಎಷ್ಟೋ ಸಲ ಕಾರಣ. ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವ ಕೊನೆಯ ಹಂತದ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ; ಗಾಳಿಯಿದ್ದರೂ ಕೋಶ ಉಸಿರುಗಟ್ಟುತ್ತದೆ. ರಿಫ್ಟಿಯಾದ ಹಿಮೋಗ್ಲೋಬಿನ್ ಆಮ್ಲಜನಕಕ್ಕೆ ಒಂದು ಜಾಗ, ಸಲ್ಫೈಡ್‌ಗೆ ಇನ್ನೊಂದು ಜಾಗ ಇಟ್ಟುಕೊಂಡು ಎರಡನ್ನೂ ಏಕಕಾಲಕ್ಕೆ ಹೊರುತ್ತದೆ. ಸಲ್ಫೈಡನ್ನು ಬಿಗಿಯಾಗಿ ಹಿಡಿದಿರುವುದರಿಂದ ಅದು ರಕ್ತದಲ್ಲಿ ಬಿಡಿಯಾಗಿ ತಿರುಗಿ ಹುಳುವಿನ ಕೋಶಗಳನ್ನು ಕೊಲ್ಲುವುದಿಲ್ಲ, ಆಮ್ಲಜನಕದೊಡನೆ ದಾರಿಯಲ್ಲೇ ಕೂಡಿ ಹಾಳಾಗುವುದೂ ಇಲ್ಲ. ಬ್ಯಾಕ್ಟೀರಿಯಾ ಇರುವ ಅಂಗಾಂಶಕ್ಕೆ ಬಂದ ಮೇಲೆಯೇ ಎರಡನ್ನೂ ಇಳಿಸುತ್ತದೆ.

ಬದಲಿಗೆ ಹುಳುವಿಗೆ ಸಿಗುವುದೇನು? ಬ್ಯಾಕ್ಟೀರಿಯಾ ತಯಾರಿಸಿದ ಆಹಾರದಲ್ಲಿ ಒಂದು ಪಾಲು ನೇರವಾಗಿ ಸಿಗುತ್ತದೆ. ಅದಲ್ಲದೆ ಹುಳು ಬ್ಯಾಕ್ಟೀರಿಯಾಗಳನ್ನೇ ಜೀರ್ಣಿಸಿಕೊಳ್ಳುತ್ತದೆ: ಅಂಗಾಂಶದ ನಡುವೆ ಹೊಸವು ಹುಟ್ಟುತ್ತಿರುತ್ತವೆ, ಅಂಚಿಗೆ ಬಂದ ಹಳೆಯವು ಕರಗುತ್ತಿರುತ್ತವೆ. ಸಹಜೀವನ ಎಂದರೆ ಸ್ನೇಹ ಎಂದುಕೊಳ್ಳುವವರು ಈ ಲೆಕ್ಕವನ್ನೂ ಗಮನಿಸಬೇಕು.

ಇಷ್ಟೆಲ್ಲ ನಡೆಯುವುದು ಕುದಿಯುವ ನೀರಿನಲ್ಲೇನೂ ಅಲ್ಲ. 350 ಡಿಗ್ರಿಯ ಧೂಮನಾಳದ ಬಾಯಲ್ಲಿ ಯಾವ ಹುಳುವೂ ಉಳಿಯದು. ರಿಫ್ಟಿಯಾ ಇರುವುದು ಬಿಸಿನೀರು ಮೆಲ್ಲಗೆ ಜಿನುಗುವ ಬಿರುಕುಗಳ ಮೇಲೆ. ಅಲ್ಲಿನ ಶಾಖ ಸಾಮಾನ್ಯವಾಗಿ ನಮ್ಮ ಬೇಸಿಗೆಯ ನಲ್ಲಿ ನೀರಿಗಿಂತಲೂ ಕಡಿಮೆ.

ಎರೆ ಹೊಲದ ಕಡಲೆಯಲ್ಲೂ ಇದೇ ಏರ್ಪಾಡು

ಈ ಒಡನಾಟ ದೂರದ್ದೆನಿಸಿದರೆ, ಹಿಂಗಾರಿನಲ್ಲಿ ಕೊಪ್ಪಳ ಅಥವಾ ರಾಯಚೂರು ಕಡೆಯ ಎರೆ ಹೊಲದಿಂದ ಒಂದು ಕಡಲೆ ಗಿಡವನ್ನು ಬೇರು ಸಹಿತ ಮೆಲ್ಲಗೆ ಕಿತ್ತು ನೋಡಬಹುದು. ಬೇರಿಗೆ ಸಣ್ಣ ಗಂಟುಗಳು ಅಂಟಿಕೊಂಡಿರುತ್ತವೆ. ಅವುಗಳಲ್ಲಿರುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತರುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ತೊಗರಿ, ಶೇಂಗಾ, ಹೆಸರು ಎಲ್ಲದರಲ್ಲೂ ಇದು ನಡೆಯುತ್ತದೆ.

ಬಲಿತ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ತಿಳಿಗೆಂಪು. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನದು, ನಮ್ಮ ರಕ್ತದ ಮತ್ತು ಕಡಲಾಳದ ಹುಳುವಿನ ಹಿಮೋಗ್ಲೋಬಿನ್‌ನ ಬಳಗದ್ದೇ. ಗಿಡಕ್ಕೇಕೆ ಅದು? ಇಲ್ಲಿಯೂ ಜೊತೆಗೂಡದ ಎರಡು ಅಗತ್ಯಗಳಿವೆ. ಸಾರಜನಕವನ್ನು ಹಿಡಿಯುವ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತದೆ, ಆದರೆ ಉಸಿರಾಡಲು ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕೇ ಬೇಕು. ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಂಡು ಬೇಕಾದಷ್ಟನ್ನೇ ಬಿಡುತ್ತದೆ. ಹುಳುವಿನಲ್ಲಿ ಸಲ್ಫೈಡ್ ಮತ್ತು ಆಮ್ಲಜನಕ ದಾರಿಯಲ್ಲಿ ಕೂಡದಂತೆ ನೋಡಿಕೊಳ್ಳುವ ಕೆಲಸ ಯಾರದೋ, ಬೇರುಗಂಟಿನಲ್ಲಿ ಆಮ್ಲಜನಕವನ್ನು ಹದ್ದುಬಸ್ತಿನಲ್ಲಿಡುವ ಕೆಲಸವೂ ಅದೇ ಬಳಗದ್ದು. ಗಂಟಿನ ಒಳಗು ಕೆಂಪಾಗಿದ್ದರೆ ಕೆಲಸ ನಡೆಯುತ್ತಿದೆ, ಹಸಿರು ಅಥವಾ ಕಂದಾದರೆ ಮುಗಿದಿದೆ ಎಂದು ಕೃಷಿ ಅಧಿಕಾರಿಗಳು ಹೇಳುವುದು ಇದೇ ಕಾರಣಕ್ಕೆ.

ಹೋಲಿಕೆಗೆ ಒಂದು ಮಿತಿಯಿದೆ. ಸಾರಜನಕ ಗೊಬ್ಬರ ಹಾಕಿದರೆ ಕಡಲೆ ಗಿಡ ಗಂಟುಗಳಿಲ್ಲದೆಯೂ ಬೆಳೆದೀತು. ಬ್ಯಾಕ್ಟೀರಿಯಾ ಇಲ್ಲದ ರಿಫ್ಟಿಯಾಕ್ಕೆ ಅಂಥ ಬೇರೆ ದಾರಿಯಿಲ್ಲ.

ಮುಂದಿನ ತಲೆಮಾರಿಗೆ ಬ್ಯಾಕ್ಟೀರಿಯಾ ಸಿಗುವುದೆಲ್ಲಿ

ಕಡಲೆ ಬೀಜದೊಳಗೆ ರೈಜೋಬಿಯಂ ಇರುವುದಿಲ್ಲ. ಮೊಳೆತ ಬೇರು ಅದನ್ನು ಮಣ್ಣಿನಿಂದ ಪಡೆಯುತ್ತದೆ. ಮಣ್ಣಿನಲ್ಲಿ ಸಾಲದಿದ್ದರೆಂದೇ ರೈತರು ಬೆಲ್ಲದ ನೀರಿನಲ್ಲಿ ರೈಜೋಬಿಯಂ ಪುಡಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತುತ್ತಾರೆ. ಕಡಲೆಗೆ ಹೊಂದುವ ಬಗೆ ಶೇಂಗಾಕ್ಕೆ ಹೊಂದದು, ಹಾಗಾಗಿ ಪ್ಯಾಕೆಟ್ ಮೇಲೆ ಬೆಳೆಯ ಹೆಸರಿರುತ್ತದೆ.

ರಿಫ್ಟಿಯಾವೂ ಹೀಗೆಯೇ. ಮೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇಲ್ಲ. ಮರಿ ಸಾಗರದ ಪ್ರವಾಹದಲ್ಲಿ ತೇಲಿ, ಬುಗ್ಗೆಯೊಂದರ ಬಳಿ ನೆಲೆ ನಿಂತ ಮೇಲೆ, ಅಲ್ಲಿನ ನೀರಿನಲ್ಲಿರುವ ಒಂದು ನಿರ್ದಿಷ್ಟ ಬಗೆಯ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದು ಬಾಯಿಯ ಮೂಲಕವಲ್ಲ, ಚರ್ಮದ ಮೂಲಕ ಹೋಗುತ್ತದೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎಳೆಯ ಹುಳುವಿಗೆ ಬಾಯಿ ಮತ್ತು ಕರುಳು ಇರುತ್ತವೆ. ಬ್ಯಾಕ್ಟೀರಿಯಾ ನೆಲೆಯಾದ ಮೇಲೆ ಅವು ಇಲ್ಲವಾಗುತ್ತವೆ. ಹುಳು ಸತ್ತಾಗ ಒಳಗಿನ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಮತ್ತೆ ನೀರಿಗೆ ಬಿಡುಗಡೆಯಾಗಿ ಮುಂದಿನ ಮರಿಗೆ ಸಿಗುತ್ತವೆ.

ಅದೇ ಬುಗ್ಗೆಗಳ ದೊಡ್ಡ ಕಪ್ಪೆಚಿಪ್ಪು ಬೇರೆ ಪದ್ಧತಿ ಹಿಡಿದಿದೆ: ತಾಯಿ ಮೊಟ್ಟೆಯಲ್ಲೇ ಬ್ಯಾಕ್ಟೀರಿಯಾ ಇಟ್ಟು ಕೊಡುತ್ತಾಳೆ. ತಲೆಮಾರುಗಳಿಂದ ಹೊರಗೆ ಬಾರದ ಆ ಬ್ಯಾಕ್ಟೀರಿಯಾ, ಒಂಟಿಯಾಗಿ ಬದುಕಲು ಬೇಕಾದ ಎಷ್ಟೋ ವಂಶವಾಹಿಗಳನ್ನು ಕಳೆದುಕೊಂಡಿದೆ.

ಬೇರೆ ಪ್ರಾಣಿಗಳ ಬೇರೆ ದಾರಿಗಳು

ಈ ಕಪ್ಪೆಚಿಪ್ಪು ತನ್ನ ಮಾಂಸಲ ಪಾದವನ್ನು ಬಿರುಕಿನೊಳಗೆ ಚಾಚಿ ಸಲ್ಫೈಡ್ ಹೀರುತ್ತದೆ, ಮೇಲಿನ ತಣ್ಣೀರಿನಿಂದ ಕಿವಿರಿನ ಮೂಲಕ ಆಮ್ಲಜನಕ ಪಡೆಯುತ್ತದೆ. ಎರಡು ನೀರಿಗೂ ಅಕ್ಷರಶಃ ಚಾಚಿಕೊಂಡು ಕೂತ ಪ್ರಾಣಿ ಇದು. ಬ್ಯಾತಿಮೋಡಿಯೋಲಸ್ ಎಂಬ ಇನ್ನೊಂದು ಚಿಪ್ಪುಜೀವಿಯ ಕೆಲವು ಪ್ರಭೇದಗಳ ಕಿವಿರಿನಲ್ಲಿ ಸಲ್ಫೈಡ್ ಬಳಸುವ ಬ್ಯಾಕ್ಟೀರಿಯಾ ಒಂದು, ಮೀಥೇನ್ ಬಳಸುವುದು ಇನ್ನೊಂದು, ಎರಡೂ ಇವೆ. ಅದು ಕರುಳನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ, ನೀರು ಸೋಸಿ ತಿನ್ನುವ ಹಳೆಯ ಅಭ್ಯಾಸವನ್ನು ಉಳಿಸಿಕೊಂಡಿದೆ. ರಿಮಿಕಾರಿಸ್ ಸೀಗಡಿಗಳು ಬ್ಯಾಕ್ಟೀರಿಯಾವನ್ನು ಬಾಯಿಯ ಅಂಗಗಳ ಮೇಲೆ ಮತ್ತು ಕಿವಿರಿನ ಗೂಡಿನಲ್ಲಿ ಬೆಳೆಸಿಕೊಂಡು, ಎರಡು ನೀರು ಬೆರೆಯುವ ಜಾಗದಲ್ಲಿ ಸಾವಿರಗಟ್ಟಲೆ ಮುತ್ತಿಕೊಂಡಿರುತ್ತವೆ. ನೀರಿನ ಪಟ್ಟಿ ಸರಿದರೆ ಅವೂ ಈಜಿ ಸರಿಯುತ್ತವೆ.

ನಮ್ಮ ಸಾಗರದ್ದೇ ಆದ ಪ್ರಾಣಿಯೊಂದು ಇವೆಲ್ಲಕ್ಕಿಂತ ಸೋಜಿಗದ್ದು. 2001ರಲ್ಲಿ ಹಿಂದೂ ಮಹಾಸಾಗರದ ಕೈರೈ ಬುಗ್ಗೆಗಳಲ್ಲಿ ಸಿಕ್ಕ ಬಸವನಹುಳು ಅದು, ಹೆಸರು ಕ್ರೈಸೋಮಲೋನ್ ಸ್ಕ್ವಾಮಿಫೆರಮ್. ಅದರ ಪಾದದ ತುಂಬ ಹೆಂಚು ಹೊದಿಸಿದಂತೆ ಚಿಕ್ಕಚಿಕ್ಕ ಫಲಕಗಳು, ಅವುಗಳ ಮೇಲೆ ಕಬ್ಬಿಣದ ಸಲ್ಫೈಡ್‌ನ ಲೇಪ. ಕಬ್ಬಿಣದ ಸಂಯುಕ್ತವನ್ನು ಹೀಗೆ ಮೈಗೆ ತೊಟ್ಟ ಇನ್ನೊಂದು ಪ್ರಾಣಿ ಗೊತ್ತಿಲ್ಲ. ಅನ್ನನಾಳದ ಪಕ್ಕದ ಗ್ರಂಥಿ ಊದಿಕೊಂಡು ಬ್ಯಾಕ್ಟೀರಿಯಾದ ಮನೆಯಾಗಿದೆ, ಜೀರ್ಣಾಂಗ ಕುಗ್ಗಿದೆ. ಹೃದಯ ಮಾತ್ರ ದೇಹದ ಗಾತ್ರಕ್ಕೆ ಮೀರಿ ದೊಡ್ಡದು: ಒಳಗಿನ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ತಲುಪಿಸಬೇಕಲ್ಲ.

ಸಂಡೂರಿನ ಕಲ್ಲಿನಲ್ಲಿ ಹಳೆಯ ಬುಗ್ಗೆಗಳು

ಬುಗ್ಗೆಗಳಿಗೂ ಬಳ್ಳಾರಿಗೂ ಒಂದು ಹಳೆಯ ಸಂಬಂಧವಿದೆ. ಸಂಡೂರಿನ ಅದಿರಿಗೆ ಮೂಲವಾದ ಪಟ್ಟೆಪಟ್ಟೆಯ ಕಬ್ಬಿಣದ ಶಿಲೆ 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಕೂತದ್ದು. ಆಗಿನ ಸಾಗರದಲ್ಲಿ ಆಮ್ಲಜನಕ ತೀರ ಕಡಿಮೆ, ಹಾಗಾಗಿ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಇಂಥ ಶಿಲೆಗಳ ಕಬ್ಬಿಣದ ದೊಡ್ಡ ಪಾಲು ಬಂದದ್ದು ಕಡಲತಳದ ಬಿಸಿ ಬುಗ್ಗೆಗಳಿಂದ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆ ಕಾಲದಲ್ಲಿ ಸೂಕ್ಷ್ಮಜೀವಿಗಳಿದ್ದವು. ಹುಳು, ಚಿಪ್ಪು, ಸೀಗಡಿ ಯಾವುದೂ ಹುಟ್ಟಿರಲಿಲ್ಲ.

ಅಗೆತ ಶುರುವಾದರೆ

ಅಂತರರಾಷ್ಟ್ರೀಯ ಸಮುದ್ರದಲ್ಲಿ ಇಂಥ ಅದಿರನ್ನು ವಾಣಿಜ್ಯವಾಗಿ ತೆಗೆಯುವ ಕೆಲಸ ಇನ್ನೂ ಶುರುವಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಭಾರತದ ವಿಜ್ಞಾನಿಗಳು ಹಿಂದೂ ಮಹಾಸಾಗರದಲ್ಲಿ ಸುಮಾರು 4,500 ಮೀಟರ್ ಆಳದ ಸಕ್ರಿಯ ಬುಗ್ಗೆಯೊಂದರ ಚಿತ್ರ ತೆಗೆದರು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲಿರುವ ‘ಮತ್ಸ್ಯ 6000’ ನೌಕೆಯನ್ನು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಸಿದ್ಧಪಡಿಸುತ್ತಿದೆ.

ಬುಗ್ಗೆಯ ಪ್ರಾಣಿಗಳು ಚೇತರಿಸಿಕೊಳ್ಳುತ್ತವೆಯೇ ಎಂಬುದಕ್ಕೆ ಒಂದು ಉದಾಹರಣೆ ಶಾಂತ ಸಾಗರದಲ್ಲಿದೆ. ಪೂರ್ವ ಶಾಂತಸಾಗರ ಶ್ರೇಣಿಯಲ್ಲಿ 1991ರಲ್ಲಿ ಜ್ವಾಲಾಮುಖಿ ಉಕ್ಕಿ ಒಂದು ನೆಲೆಯ ಪ್ರಾಣಿಗಳೆಲ್ಲ ಲಾವಾದಡಿ ಸೇರಿದವು. 1993ರ ಕೊನೆಗೆ ಅಲ್ಲಿ ಒಂದೂವರೆ ಮೀಟರ್ ಉದ್ದದ ರಿಫ್ಟಿಯಾ ಕೊಳವೆಗಳು ಎದ್ದು ನಿಂತಿದ್ದವು. ವರ್ಷಕ್ಕೆ 85 ಸೆಂಟಿಮೀಟರ್‌ಗೂ ಮೀರಿದ ಬೆಳವಣಿಗೆ. ಆದರೆ ಅಲ್ಲಿ ಫಲಕಗಳು ವೇಗವಾಗಿ ಸರಿಯುತ್ತವೆ, ಬುಗ್ಗೆಗಳು ಹತ್ತಿರ ಹತ್ತಿರ ಇವೆ, ಹುಟ್ಟುವುದು ಆರುವುದು ಪದೇ ಪದೇ ನಡೆಯುತ್ತದೆ. ಹಿಂದೂ ಮಹಾಸಾಗರದ ಶ್ರೇಣಿಗಳು ನಿಧಾನದವು. ಬುಗ್ಗೆಗಳು ದೂರ ದೂರ, ಆಯುಸ್ಸೂ ದೀರ್ಘ. ಒಂದು ನೆಲೆ ಹಾಳಾದರೆ ತೇಲಿಬರುವ ಮರಿ ಬಹುದೂರ ಸಾಗಬೇಕು. ಆದ್ದರಿಂದ ಶಾಂತ ಸಾಗರದ ಎರಡು ವರ್ಷದ ಲೆಕ್ಕವನ್ನು ಇಲ್ಲಿಗೆ ಎತ್ತಿ ತರಲಾಗದು.

ಕಬ್ಬಿಣ ಹೊದ್ದ ಬಸವನಹುಳುವನ್ನು 2019ರಲ್ಲಿ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಲಾಯಿತು. ಆಳ ಸಮುದ್ರದ ಗಣಿಗಾರಿಕೆಯ ಅಪಾಯದ ಕಾರಣಕ್ಕೆ ಆ ಪಟ್ಟಿ ಸೇರಿದ ಮೊದಲ ಜೀವಿ ಅದು. ಆಗ ಗೊತ್ತಿದ್ದ ಅದರ ಮೂರು ನೆಲೆಗಳಲ್ಲಿ ಎರಡು ನೆಲೆಗಳು ಬೇರೆ ದೇಶಗಳು ಪರಿಶೋಧನೆಯ ಪರವಾನಗಿ ಪಡೆದ ಪ್ರದೇಶದಲ್ಲಿದ್ದವು. ಆರಿಹೋದ ಬುಗ್ಗೆಗಳ ಅದಿರನ್ನಷ್ಟೇ ತೆಗೆದರೆ ಹೇಗೆ ಎಂಬ ಚರ್ಚೆಯೂ ಇದೆ. ಅಲ್ಲಿ ಸಲ್ಫೈಡ್ ಹರಿಯುವುದಿಲ್ಲವಾದ್ದರಿಂದ ಈ ಲೇಖನದ ಪ್ರಾಣಿಗಳಿಲ್ಲ. ಆದರೆ ಆರಿದ ಬುಗ್ಗೆ ಮತ್ತು ಉರಿಯುವ ಬುಗ್ಗೆ ಎಷ್ಟೋ ಕಡೆ ಪಕ್ಕಪಕ್ಕದಲ್ಲೇ ಇರುತ್ತವೆ, ಅಗೆತದ ಹೂಳು ನೀರಿನಲ್ಲಿ ತೇಲಿ ಹೋಗುತ್ತದೆ. ಪ್ರಾಧಿಕಾರದ ನಿಯಮದ ಪ್ರಕಾರ ಪರಿಶೋಧನೆ ನಡೆಸುವವರು ಅದಿರಿನ ಲೆಕ್ಕದ ಜೊತೆಗೆ ತಮ್ಮ ಪ್ರದೇಶದ ಜೀವಿಗಳ ಲೆಕ್ಕವನ್ನೂ ಒಪ್ಪಿಸಬೇಕು. ಭಾರತದ 2016ರ ಒಪ್ಪಂದದ ಅವಧಿ 15 ವರ್ಷ.